ಟ್ರಿಪ್ ಆಗುವ ಸ್ಟಾರ್ಟರ್‌ಗೆ ಕಡ್ಡಿ ಸಿಕ್ಕಿಸಬೇಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಎರಡು ಭಾನುವಾರದ ಹಿಂದೆ ನಿಮ್ಮ ಪುರವಣಿಯ ಪ್ರಶ್ನೋತ್ತರದಲ್ಲಿ ಒಬ್ಬ ಹೆಣ್ಣುಮಗಳ ಪ್ರಶ್ನೆ ಬಂದಿತ್ತು. ಮಗುವಿಗೆ ಎರಡು ವರ್ಷ ತುಂಬಿದೆ, ಗಂಡ ಹತ್ತಿರ ಬಂದರೆ ಮೈಯೆಲ್ಲ ಬಿಗಿಯಾಗುತ್ತದೆ, ಸಣ್ಣದಕ್ಕೂ ಸಿಟ್ಟು ನೆತ್ತಿಗೇರುತ್ತದೆ, ಆಮೇಲೆ ಸುಮ್ನೆ ಅಳು ಬರುತ್ತದೆ, ಏನು ಮಾಡಲಿ ಅಂತ ಕೇಳಿದ್ದರು. ಉತ್ತರ ಐದಾರು ಸಾಲಿನದು. ಹೆರಿಗೆಯಾದ ಮೇಲೆ ಇದೆಲ್ಲ ಸಹಜ, ಪತಿಯ ಮನಸ್ಸನ್ನೂ ಅರ್ಥ ಮಾಡಿಕೊಳ್ಳಿ, ಸ್ವಲ್ಪ ಹೊಂದಿಕೊಂಡು ಹೋದರೆ ದಿನ ಕಳೆದಂತೆ ಸರಿಹೋಗುತ್ತದೆ ಅಂತ ಇತ್ತು.

ಆ ಪುಟವನ್ನು ನನ್ನ ಹೆಂಡತಿ ಓದಿ, ಮಡಚಿ, ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟಿದ್ದಳು. ಸಾಮಾನ್ಯವಾಗಿ ಹಳೇ ಪೇಪರ್ ನನ್ನ ಅಂಗಡಿಗೆ ಗ್ರೀಸ್ ಒರೆಸೋಕೆ ಬರುತ್ತದೆ. ಇದು ಬರಲಿಲ್ಲ. ಹುಡುಕಿ ತೆಗೆದು ಓದಿದೆ. ಆಮೇಲೆ ಇಬ್ಬರೂ ಕೂತು ಮಾತಾಡಿದೆವು. ಅವಳು ಹೇಳಿದಳು, "ನೀನೇ ಬರಿ. ನಾನು ಬರೆದರೆ ಅಳ್ತೀನಿ."

ಅದಕ್ಕೆ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನನಗೆ ನಲವತ್ತೊಂಬತ್ತು ವರ್ಷ. ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ, ಇಟ್ಟಿದ್ದೇನೆ. ತೆಂಗಿನ ತೋಟದ ಪಂಪ್‌ಸೆಟ್ಟು, ಸಬ್‌ಮರ್ಸಿಬಲ್, ಹಿಟ್ಟಿನ ಗಿರಣಿ ಮೋಟರ್, ಸುಟ್ಟುಹೋಗಿದ್ದೆಲ್ಲ ನನ್ನ ಹತ್ತಿರ ಬರುತ್ತದೆ. ಹಾಗೆ ಸುಟ್ಟು ಬರುವುದರಲ್ಲಿ ಒಂದು ಜಾತಿ ಇದೆ. ಮೋಟರ್ ಚಾಲೂ ಮಾಡುವ ಸ್ಟಾರ್ಟರ್ ಬಾಕ್ಸ್ ತೆರೆದು ನೋಡಿದರೆ ಒಳಗೆ ಒಂದು ಕಡ್ಡಿ ಸಿಕ್ಕಿಸಿರುತ್ತಾರೆ. ಇಲ್ಲಾ ರಬ್ಬರ್ ಟ್ಯೂಬಿನ ತುಂಡು ಬಿಗಿದು ಕಟ್ಟಿರುತ್ತಾರೆ. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: "ಪದೇ ಪದೇ ಟ್ರಿಪ್ ಆಗ್ತಿತ್ತು ಅಣ್ಣಾ, ಏಳು ಗಂಟೆ ಕರೆಂಟ್ ಕೊಡೋದು, ಅದರಲ್ಲಿ ನೀರು ಹಾಯಿಸೋದು ಯಾವಾಗ?"

ಟ್ರಿಪ್ ಆಗುವುದು, ಅಂದರೆ ಕರೆಂಟ್ ತಾನಾಗಿ ಕಟ್ ಆಗುವುದು, ಕಾಯಿಲೆ ಅಲ್ಲ. ಒಳಗೆ ಏನೋ ತಾಳಲಾರದ್ದು ನಡೀತಿದೆ ಅಂತ, ಮೋಟರ್ ಕಾಯುವ ರಿಲೇ ಹೇಳುತ್ತಿದೆ. ಅದರ ಬಾಯಿಗೆ ಕಡ್ಡಿ ಇಟ್ಟರೆ ಎರಡು ದಿನ ನೀರು ಬರುತ್ತದೆ, ಮೂರನೇ ದಿನ ವೈಂಡಿಂಗ್ ಕಪ್ಪಾಗಿ ನನ್ನ ಅಂಗಡಿಗೆ ಬರುತ್ತದೆ. ಹೊಂದಿಕೊಂಡು ಹೋಗಿ ಅಂತ ನೀವು ಕೊಟ್ಟ ಉತ್ತರ ಓದಿದಾಗ ನನಗೆ ಕಂಡಿದ್ದು ಆ ಕಡ್ಡಿ. ಎಂಟು ವರ್ಷ ಅದನ್ನು ಸಿಕ್ಕಿಸಿದವನು ನಾನೇ ಆದ್ದರಿಂದ ಗುರುತು ಬೇಗ ಸಿಕ್ಕಿತು.

ನಮ್ಮ ಮದುವೆ 2009ರಲ್ಲಿ. ಮಗಳು ಹುಟ್ಟಿದ್ದು 2011ರ ಜುಲೈ. ಯಾವ ಊರು, ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ನಾನು ಹೊರಗೆ ಕಾರಿಡಾರಿನಲ್ಲಿ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದೆ. ಮಳೆ ಹುಯ್ಯುತ್ತಿತ್ತು. ಒಳಗಿಂದ ಕೂಗು ಕೇಳುತ್ತಿತ್ತು, ಅದರಲ್ಲಿ ನನ್ನವಳದ್ದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಹಿರಿಯರು "ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ" ಅಂದರು. ಬೆಳಗಿನ ಜಾವ ಮಗು ತಂದು ತೋರಿಸಿದರು. ನಾನು ಪೇಡ ತರೋಕೆ ಹೋದೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ ಎಲ್ಲರಿಗೂ ಫೋನ್ ಮಾಡಿದೆ.

ಐದು ತಿಂಗಳ ಬಾಣಂತನ ತವರಿನಲ್ಲಿ ಆಯಿತು. ಮನೆಗೆ ಬಂದವಳು ಬೇರೆಯವಳ ಥರ ಇದ್ದಳು. ಪಾತ್ರೆ ಜಾರಿ ಬಿದ್ದರೆ ಬೆಚ್ಚಿ ಬೀಳುವಳು, ಆಮೇಲೆ ಯಾರ ಕೈ ಜಾರಿತೋ ಅವರ ಮೇಲೆ ಹತ್ತು ನಿಮಿಷ ಕೂಗಾಡುವಳು. ಕೂಗಾಡಿ ಮುಗಿದ ಮೇಲೆ ಹಿತ್ತಲಲ್ಲಿ ಹೋಗಿ ನಿಲ್ಲುವಳು. ಕೆಲವು ಸಲ ಇದಕ್ಕೆ ತದ್ವಿರುದ್ಧ. ಮಾತಾಡಿಸಿದರೆ ಕೇಳಿಸದ ಹಾಗೆ ಕೂತಿರುವಳು, ಒಲೆ ಮೇಲೆ ಹಾಲು ಉಕ್ಕಿದರೂ ನೋಡುತ್ತಾ ಇರುವಳು. ಫಿನಾಯಿಲ್ ವಾಸನೆ ಅವಳಿಗೆ ಆಗುತ್ತಿರಲಿಲ್ಲ. ನಮ್ಮ ಅಮ್ಮ "ಬಾಣಂತನ ಸರಿಯಾಗಿ ಮಾಡಿಲ್ಲ, ತಲೆಗೆ ಗಾಳಿ ಹೊಕ್ಕಿದೆ" ಅಂದರು. ಬೀಗರು ಸಿಟ್ಟಾದರು. ಎರಡೂ ಮನೆಯವರಿಗೆ ಜಗಳವಾಡೋಕೆ ಒಂದು ವಿಷಯ ಸಿಕ್ಕಿತು, ಅಷ್ಟೆ.

ರಾತ್ರಿಯ ವಿಷಯ ಹೇಳಬೇಕು. ಹೇಳದಿದ್ದರೆ ಈ ಕಾಗದಕ್ಕೆ ಅರ್ಥ ಇಲ್ಲ.

ಅವಳು ಯಾವತ್ತೂ ಬೇಡ ಅನ್ನಲಿಲ್ಲ. ಅದನ್ನೇ ನಾನು ಒಪ್ಪಿಗೆ ಅಂದುಕೊಂಡಿದ್ದೆ. ಹಲಗೆಯ ಹಾಗೆ ಮಲಗಿರುತ್ತಿದ್ದಳು, ಕಣ್ಣು ಮೇಲಿನ ಹೆಂಚಿನ ಕಡೆ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ, ಎಷ್ಟು ಚಳಿ ಇದ್ದರೂ, ತಣ್ಣೀರಲ್ಲಿ ಸ್ನಾನ ಮಾಡುತ್ತಿದ್ದಳು. ಆ ನೀರು ಸುರಿಯುವ ಸದ್ದು ನನಗೆ ಅವಮಾನ ಅನಿಸುತ್ತಿತ್ತು. ನಾನೇನು ಮೈಲಿಗೆಯಾ? ನಾನು ಮುನಿಸಿಕೊಂಡೆ. ವಾರಗಟ್ಟಲೆ ಅಂಗಡಿಯಲ್ಲೇ ಮಲಗಿದೆ. ಸ್ನೇಹಿತರ ಜೊತೆ ಕುಡಿತ ಸ್ವಲ್ಪ ಜಾಸ್ತಿ ಆಯಿತು. ಒಬ್ಬ ಹೇಳಿದ, ನಿನ್ನಲ್ಲೇ ಏನೋ ಕೊರತೆ ಇದೆ ಅಂತ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಗುಪ್ತರೋಗ ಅಂತ ಹಳದಿ ಬಣ್ಣದಲ್ಲಿ ಬರೆದಿರುತ್ತಾರಲ್ಲ, ಅಂಥ ಒಬ್ಬರ ಹತ್ತಿರ ಹೋಗಿ 3,200 ರೂಪಾಯಿ ಕೊಟ್ಟು ಲೇಹ್ಯ ತಂದೆ. ಲೇಹ್ಯ ಸಿಹಿಯಾಗಿತ್ತು. ಮಿಕ್ಕಿದ್ದು ಏನೂ ಆಗಲಿಲ್ಲ. ಆ ಮನುಷ್ಯ ನನ್ನ ಹೆಂಡತಿ ಹೇಗಿದ್ದಾಳೆ ಅಂತ ಒಂದು ಮಾತೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅವನನ್ನೇನು ಅನ್ನೋದು.

2019ರಲ್ಲಿ ನನ್ನ ತಮ್ಮನ ಹೆಂಡತಿಗೆ ಹೆರಿಗೆಯಾಯಿತು. ಮಗು ನೋಡೋಕೆ ಇಬ್ಬರೂ ಹೋದೆವು. ಬೇರೆ ಆಸ್ಪತ್ರೆ, ಹೊಸದು, ಚೊಕ್ಕಟವಾಗಿತ್ತು. ವಾರ್ಡಿನ ಕಡೆ ನಡೆಯುತ್ತಿದ್ದಾಗ ಯಾವುದೋ ಕೋಣೆಯಲ್ಲಿ ಸ್ಟೀಲ್ ಟ್ರೇ ಕೆಳಗೆ ಬಿತ್ತು. ಒಳಗಿದ್ದ ಕತ್ತರಿ, ಚಿಮಟ ಎಲ್ಲ ನೆಲದ ಮೇಲೆ ಉರುಳಿದ ಸದ್ದು. ಇವಳು ನಿಂತಲ್ಲೇ ಕುಸಿದಳು. ತಲೆ ತಿರುಗಿ ಬಿದ್ದಿದ್ದಲ್ಲ, ಗೋಡೆಗೆ ಬೆನ್ನು ಕೊಟ್ಟು ಜಾರಿ ಕೂತಳು. ಎರಡೂ ಮಂಡಿ ಬಿಗಿಯಾಗಿ ಸೇರಿಸಿಕೊಂಡು ನನ್ನ ಅಂಗಿಯ ತೋಳು ಹಿಡಿದಿದ್ದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಬಳೆಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಬಾಯಲ್ಲಿ ಒಂದೇ ಮಾತು: "ಆಯ್ತು ಸಿಸ್ಟರ್, ಕಿರುಚಲ್ಲ ಸಿಸ್ಟರ್."

ಅವತ್ತು ರಾತ್ರಿ ಹೇಳಿದಳು. ಎಂಟು ವರ್ಷದ ಮೇಲೆ.

ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ, ಅದು ಅವಳದ್ದು. ಬರೆಯಬಹುದು ಅಂದಿದ್ದನ್ನು ಮಾತ್ರ ಬರೆಯುತ್ತೇನೆ. ನೋವು ತಾಳದೆ ಕೂಗಿದಾಗ ತೊಡೆಯ ಮೇಲೆ ಹೊಡೆದರು. "ಅವಾಗ ಗೊತ್ತಾಗಲಿಲ್ವಾ, ಈಗ ಯಾಕೆ ಕಿರುಚ್ತೀಯಾ" ಅಂದರು. ಈ ಮಾತು ಕೇಳದ ಹೆಣ್ಣುಮಕ್ಕಳು ನಮ್ಮ ಕಡೆ ಕಮ್ಮಿ, ಬೇಕಾದರೆ ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಒಬ್ಬರು ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದರು. ಕೊಯ್ದರು. ಹೊಲಿಗೆ ಹಾಕುವಾಗ ಮರಗಟ್ಟಿಸುವ ಇಂಜೆಕ್ಷನ್ ಕೊಡಲಿಲ್ಲ. ಕಾಲು ಅಲ್ಲಾಡಿಸಿದರೆ "ಹಾಗೇ ಬಿಟ್ಟು ಹೋಗ್ತೀನಿ" ಅಂದರು. ಬಾಗಿಲು ತೆರೆದೇ ಇತ್ತು, ಗಂಡಸರು ಓಡಾಡುತ್ತಿದ್ದರು. ಅವಳು ಹೇಳಿದ್ದು: "ಆಮೇಲೆ ನನ್ನ ಮೈ ನನ್ನದಲ್ಲ ಅನಿಸಿತು. ಮೇಲೆ ಫ್ಯಾನ್ ನೋಡ್ತಾ ಇದ್ದೆ. ಫ್ಯಾನಿನ ಒಂದು ರೆಕ್ಕೆ ಸೊಟ್ಟ ಇತ್ತು."

ನಮ್ಮ ಮನೆಯ ಹೆಂಚು ನೋಡುತ್ತಾ ಮಲಗಿರುತ್ತಿದ್ದಳು ಅಂದೆನಲ್ಲ. ನನ್ನ ಮನೆಯಲ್ಲಿ, ನನ್ನ ಪಕ್ಕದಲ್ಲಿ ಅವಳು ಮತ್ತೆ ಆ ಹೆರಿಗೆ ಟೇಬಲ್ ಮೇಲೆಯೇ ಮಲಗಿರುತ್ತಿದ್ದಳು. ಎಂಟು ವರ್ಷ. ಬೇಡ ಅನ್ನಲಿಲ್ಲ ಅಂತ ನಾನು ಲೆಕ್ಕ ಹಾಕಿದ್ದೆ. ಅಲ್ಲಿ ಕೂಗಿದ್ದಕ್ಕೆ ಏಟು ಬಿದ್ದಿತ್ತು, ಇಲ್ಲಿ ಹೇಗೆ ಬಾಯಿ ಬಿಡುತ್ತಾಳೆ?

ಎಲ್ಲ ನರ್ಸಮ್ಮಂದಿರೂ ಹೀಗೆ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ನಾಲ್ಕೈದು ಜನರನ್ನು ನೋಡಿಕೊಳ್ಳುವ ಕಷ್ಟ ನನಗೂ ಕಾಣುತ್ತದೆ. ಆದರೆ ಕಷ್ಟ ಒಂದು, ಏಟು ಒಂದು.

ಕೊರೋನ ಬಂದು ಒಂದೂವರೆ ವರ್ಷ ಎಲ್ಲೂ ಹೋಗಲಾಗಲಿಲ್ಲ. 2021ರ ಕೊನೆಗೆ ಆಶಾ ಕಾರ್ಯಕರ್ತೆಯೊಬ್ಬರು ಹೇಳಿ, ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಹೋದೆವು. ಮಂಗಳವಾರ ಮನೋವೈದ್ಯರು ತಾಲ್ಲೂಕಿಗೇ ಬರುತ್ತಾರೆ ಅನ್ನೋದು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತಿಲ್ಲ. 2014ರಿಂದ ಇದು ನಡೆಯುತ್ತಿದೆ. ಹುಚ್ಚು ಹಿಡಿದವರಿಗೆ ಮಾತ್ರ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡು ಹೆಲ್ಮೆಟ್ ತೆಗೆಯದೆ ಸಾಲಿನಲ್ಲಿ ನಿಂತಿದ್ದೆ. ಡಾಕ್ಟರ್ ನಮ್ಮನ್ನು ಒಬ್ಬ ಆಪ್ತ ಸಮಾಲೋಚಕಿಯ ಬಳಿ ಕಳಿಸಿದರು.

ಆ ಮೇಡಂ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಹೆರಿಗೆ ಹೇಗಾಯ್ತು?" ಹತ್ತು ವರ್ಷದಲ್ಲಿ ಮೊದಲನೇ ಸಲ ಯಾರೋ ಅದನ್ನು ಕೇಳಿದ್ದು. ಮಗು ಎಷ್ಟು ತೂಕ ಅಂತ ಊರೆಲ್ಲ ಕೇಳಿತ್ತು.

ಅವರು ಒಂದು ಹಾಳೆಯ ಮೇಲೆ ಎರಡು ಅಡ್ಡಗೆರೆ ಎಳೆದರು. ಮನುಷ್ಯನ ಮೈ ಈ ಎರಡು ಗೆರೆಯ ನಡುವೆ ಇದ್ದಾಗ ಯೋಚನೆ ಬರುತ್ತದೆ, ಮಾತು ಬರುತ್ತದೆ, ನಗು ಬರುತ್ತದೆ, ಆಸೆಯೂ ಬರುತ್ತದೆ. ಮೇಲಿನ ಗೆರೆ ದಾಟಿದರೆ ಸಿಟ್ಟು, ನಡುಕ, ಎದೆ ಹೊಡೆತ. ಕೆಳಗಿನ ಗೆರೆ ದಾಟಿದರೆ ಮರಗಟ್ಟುವುದು, ಕೇಳಿಸದ ಹಾಗೆ ಕೂರುವುದು. ಆಘಾತ ಆದವರಿಗೆ ಈ ಎರಡು ಗೆರೆಯ ನಡುವಿನ ಜಾಗ ಕಿರಿದಾಗಿಬಿಡುತ್ತದೆ. ಅಮೆರಿಕದ ಡ್ಯಾನಿಯಲ್ ಸೀಗಲ್ ಎಂಬ ಮನೋವೈದ್ಯರು 1999ರಲ್ಲಿ ಇದನ್ನು ಸಹನೆಯ ಕಿಟಕಿ ಅಂತ ಕರೆದರಂತೆ.

ನಾನು ಬಾಯಿ ತಡೆಯಲಾರದೆ ಹೇಳಿದೆ, "ಮೇಡಂ, ಇದು ನಮ್ಮ ಪ್ಯಾನಲ್ ಬೋರ್ಡು." ತ್ರೀ ಫೇಸಿಗೆ ನಾನು 350 ವೋಲ್ಟಿನ ಕೆಳಗೆ ಹೋದರೂ ಕಟ್, 460ರ ಮೇಲೆ ಹೋದರೂ ಕಟ್ ಅಂತ ಸೆಟ್ ಮಾಡುತ್ತೇನೆ. ಜನಕ್ಕೆ ಹೈ ವೋಲ್ಟೇಜ್ ಅಂದರೆ ಭಯ. ಲೋ ವೋಲ್ಟೇಜ್ ಅಂದರೆ ಅಸಡ್ಡೆ. ಆದರೆ ಲೋ ವೋಲ್ಟೇಜಿನಲ್ಲಿ ಮೋಟರ್ ಅದೇ ಭಾರ ಎಳೆಯೋಕೆ ಜಾಸ್ತಿ ಕರೆಂಟ್ ಎಳೆದು, ಸದ್ದಿಲ್ಲದೆ ಬಿಸಿಯಾಗಿ ಸುಡುತ್ತದೆ. ನನ್ನ ಹೆಂಡತಿ ಕೂಗಾಡಿದಾಗ ನಾವೆಲ್ಲ ಗಾಬರಿಯಾಗಿದ್ದೆವು. ಕಲ್ಲಿನ ಹಾಗೆ ಕೂತಾಗ, ಅಬ್ಬ ಇವತ್ತು ಗಲಾಟೆ ಇಲ್ಲ ಅಂತ ನೆಮ್ಮದಿಯಾಗಿದ್ದೆವು.

ಮೇಡಂಗೆ ಹೋಲಿಕೆ ಹಿಡಿಸಿತು. ಹೆಂಡತಿಗೆ ಹಿಡಿಸಲಿಲ್ಲ. ವಾಪಸ್ ಬರುವಾಗ ಬೈಕಿನ ಹಿಂದೆ ಕೂತು, "ನಾನೇನು ನಿನ್ನ ಸಬ್‌ಮರ್ಸಿಬಲ್ಲಾ?" ಅಂದಳು. ಎಷ್ಟೋ ವರ್ಷದ ಮೇಲೆ ಅವಳು ನನ್ನನ್ನು ಗೇಲಿ ಮಾಡಿದ್ದು ಅವತ್ತು.

ಆಘಾತ, ಟ್ರಾಮಾ ಅಂದರೆ ಯುದ್ಧ, ಭೂಕಂಪ, ಅತ್ಯಾಚಾರ ಅಂತ ಮಾತ್ರ ತಿಳಿದಿದ್ದೆ. ಅಮೆರಿಕದ ಮನೋವೈದ್ಯರು 1980ರಲ್ಲಿ ಆಘಾತದ ನಂತರದ ಈ ಕಾಯಿಲೆಯನ್ನು ತಮ್ಮ ಪಟ್ಟಿಗೆ ಸೇರಿಸಿದ್ದು, ಬಹುಮಟ್ಟಿಗೆ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ನೋಡಿ. ಹೆರಿಗೆಯೂ ಕೆಲವರಿಗೆ ಅಂಥದ್ದೇ ಗಾಯ ಮಾಡಬಹುದು ಅಂತ ವೈದ್ಯರು ಈಗ ಒಪ್ಪುತ್ತಾರೆ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಇದರ ಇನ್ನೂ ಗಂಭೀರ ರೂಪವನ್ನು ಬೇರೆಯಾಗಿಯೇ ಬರೆದಿದ್ದಾರೆ. ಹಳೆಯದು ಕಣ್ಣ ಮುಂದೆ ಮರಳಿ ಬರುವುದು, ಬೆಚ್ಚುವುದು ಇದ್ದೇ ಇರುತ್ತದೆ. ಅದರ ಜೊತೆ ಭಾವನೆ ಹಿಡಿತಕ್ಕೆ ಸಿಗದಿರುವುದು, ತಾನೇ ಸರಿಯಿಲ್ಲ ಅನಿಸುವುದು, ಹತ್ತಿರದವರ ಜೊತೆ ಹತ್ತಿರ ಇರಲಾಗದಿರುವುದು. ಕೊನೆಯದನ್ನು ಮೇಡಂ ಓದಿ ಹೇಳಿದಾಗ ನಾವಿಬ್ಬರೂ ನೆಲ ನೋಡಿದೆವು.

ಸರಿ, ಏನು ಮಾಡಿದೆವು ಅಂತ ಹೇಳುತ್ತೇನೆ. ನಮಗೆ ಆದದ್ದು ಎಲ್ಲರಿಗೂ ಹಾಗೇ ಆಗಬೇಕಿಲ್ಲ.

ಮೊದಲ ಎರಡು ತಿಂಗಳು ಮಲಗುವ ಕೋಣೆಯ ಮಾತೇ ಇಲ್ಲ. ದಿನದಲ್ಲಿ ಮೂರು ಸಲ, ಸೊನ್ನೆಯಿಂದ ಹತ್ತರೊಳಗೆ ಈಗ ಎಷ್ಟು ಅಂತ ಅವಳು ತನ್ನನ್ನೇ ಕೇಳಿಕೊಳ್ಳಬೇಕು. ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಏಳು ದಾಟಿದರೆ ಚಪ್ಪಲಿ ಬಿಚ್ಚಿ ಪಾದ ನೆಲಕ್ಕೆ ಒತ್ತಿ ನಿಲ್ಲುವುದು, ಉಸಿರನ್ನು ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಬಿಡುವುದು, ಕಣ್ಣಿಗೆ ಬಿದ್ದ ಐದು ವಸ್ತುವಿನ ಹೆಸರು ಹೇಳುವುದು. ಇಡ್ಲಿ ಪಾತ್ರೆ, ಸೌಟು, ಗಣಪತಿ ಫೋಟೋ, ಕಿಟಕಿ, ಬೆಕ್ಕು. ನನಗೆ ಇದು ಮಕ್ಕಳಾಟ ಅನಿಸಿತ್ತು. ಆದರೆ "ಕೆಳಗಿನ" ದಿನಗಳಲ್ಲಿ ಇದಕ್ಕಿಂತ ತಣ್ಣೀರಲ್ಲಿ ಮುಖ ತೊಳೆಯುವುದು, ಅಂಗಳದಲ್ಲಿ ಎರಡು ಸುತ್ತು ಜೋರಾಗಿ ನಡೆಯುವುದು ಅವಳಿಗೆ ಜಾಸ್ತಿ ಆಗಿಬಂತು.

ನನಗೂ ಒಂದು ಪಾಠ ಇತ್ತು. ಅವಳು ಸಿಡಿದಾಗ ಅಲ್ಲೇ ನ್ಯಾಯ ಮಾಡೋಕೆ ಹೋಗಬಾರದು. ಓವರ್‌ಲೋಡ್ ರಿಲೇಯಲ್ಲಿ ಎರಡು ಲೋಹ ಸೇರಿಸಿದ ಒಂದು ಬೈಮೆಟಲ್ ಪಟ್ಟಿ ಇರುತ್ತದೆ. ಬಿಸಿಗೆ ಬಾಗಿ ಟ್ರಿಪ್ ಮಾಡುತ್ತದೆ. ಅದು ತಣ್ಣಗಾಗಿ ನೆಟ್ಟಗಾಗುವವರೆಗೆ ನೀವು ರೀಸೆಟ್ ಬಟನ್ ಎಷ್ಟು ಒತ್ತಿದರೂ ಕೂರುವುದಿಲ್ಲ. ಹೊಸ ಹುಡುಗರು ಒತ್ತಿ ಒತ್ತಿ ಬಟನ್ ಮುರಿಯುತ್ತಾರೆ. ನಾನು ಅಂಗಡಿಯಲ್ಲಿ ಅವರಿಗೆ ಬೈಯುತ್ತಿದ್ದೆ, ಮನೆಯಲ್ಲಿ ಅದನ್ನೇ ಮಾಡುತ್ತಿದ್ದೆ. "ಯಾಕೆ ಸಿಟ್ಟು, ಈಗ ಹೇಳು, ಈಗಲೇ ಹೇಳು."

ಮೈಯ ನೋವು ಬೇರೆಯೇ ಇತ್ತು. ಹೊಲಿಗೆಯ ಜಾಗದಲ್ಲಿ ಗಾಯದ ಗುರುತು ಗಟ್ಟಿಯಾಗಿ ಉಳಿದು ನೋಯುತ್ತಿತ್ತು. ಜೊತೆಗೆ ಭಯದಿಂದ ಕೆಳಭಾಗದ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುತ್ತಿದ್ದವು. ಅವಳು ಬೇಕೆಂದು ಮಾಡುವುದಲ್ಲ ಅದು, ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚುವ ಹಾಗೆ. ಸ್ತ್ರೀರೋಗ ತಜ್ಞೆಯೊಬ್ಬರು ನೋಡುವ ಮೊದಲು "ನೋಡಲಾ?" ಅಂತ ಕೇಳಿದರು, "ಬೇಡ ಅಂದರೆ ಇನ್ನೊಂದು ದಿನ ನೋಡೋಣ" ಅಂದರು. ಅವಳು ಅವತ್ತು ಬೇಡ ಅಂದಳು. ಅವರು ನಕ್ಕು ಕಳಿಸಿದರು. ಇನ್ನೊಂದು ದಿನ ನೋಡಿದರು. ಈ ಸ್ನಾಯುಗಳನ್ನು ಸಡಿಲ ಬಿಡುವುದನ್ನು ಕಲಿಸುವ ಫಿಸಿಯೋಥೆರಪಿ ಇದೆ ಅಂತ ಗೊತ್ತಾಗಿದ್ದು ಅಲ್ಲೇ. ಮಂಡಿನೋವಿಗೆ ಮಾತ್ರ ಫಿಸಿಯೋಥೆರಪಿ ಅಂದುಕೊಂಡಿದ್ದೆವು.

ಮಾತ್ರೆಯ ಬಗ್ಗೆ ಒಂದು ಮಾತು. ಡಾಕ್ಟರ್ ಸರ್ಟ್ರಾಲಿನ್ ಅಂತ ಬರೆದುಕೊಟ್ಟಿದ್ದರು. ಬೆಚ್ಚುವುದು, ಕೆಟ್ಟ ಕನಸು ಕಮ್ಮಿ ಆಯಿತು. ಆದರೆ ಈ ಜಾತಿಯ ಮಾತ್ರೆ ಕೆಲವರಿಗೆ ಲೈಂಗಿಕ ಆಸಕ್ತಿಯನ್ನು ಇನ್ನಷ್ಟು ತಗ್ಗಿಸುತ್ತದೆ. ಇದನ್ನು ಅವರೇ ಮೊದಲೇ ಹೇಳಿದರು, ಹಾಗಾದರೆ ನಮಗೆ ಹೇಳಿ, ಡೋಸ್ ನೋಡೋಣ, ನೀವಾಗಿ ನಿಲ್ಲಿಸಬೇಡಿ ಅಂತ. ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾನು ಮತ್ತೆ ಮುನಿಸಿಕೊಳ್ಳುತ್ತಿದ್ದೆ.

ಆಮೇಲೆ ಮೇಡಂ ಒಂದು ಕಟ್ಟುಪಾಡು ಹಾಕಿದರು. ಮೂರು ತಿಂಗಳು ಸಂಭೋಗ ಬೇಡವೇ ಬೇಡ. ಅವಳು ಸರಿ ಅಂದರೂ ಬೇಡ. ಬರೀ ಮುಟ್ಟುವುದು, ಅದೂ ಅವಳು ಹೇಳಿದ ಕಡೆ, ಅವಳು ಹೇಳಿದಷ್ಟು ಹೊತ್ತು. ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನೋ ಅಮೆರಿಕದ ಇಬ್ಬರು ಲೈಂಗಿಕ ಸಂಶೋಧಕರು ಐವತ್ತು ವರ್ಷದ ಹಿಂದೆಯೇ ಈ ದಾರಿ ತೋರಿಸಿದ್ದರಂತೆ. ಮುಂದೆ ಏನೋ ಆಗಲೇಬೇಕು ಅನ್ನುವ ಒತ್ತಡ ತೆಗೆದುಬಿಟ್ಟರೆ ಮುಟ್ಟುವುದು ಬರೀ ಮುಟ್ಟುವುದಾಗುತ್ತದೆ ಅನ್ನುವುದು ಅದರ ತಿರುಳು.

ಅವಳು ಆರಿಸಿಕೊಂಡಿದ್ದು ತಲೆಗೆ ಎಣ್ಣೆ ಹಚ್ಚುವುದು. ನಮ್ಮದು ತೆಂಗಿನ ಸೀಮೆ, ಕೊಬ್ಬರಿ ಎಣ್ಣೆಗೆ ಬರವೇ? ಭಾನುವಾರ ಮಧ್ಯಾಹ್ನ, ಮಗಳು ಆಟಕ್ಕೆ ಹೋದ ಮೇಲೆ, ಅವಳು ಕೆಳಗಿನ ಮೆಟ್ಟಿಲ ಮೇಲೆ, ನಾನು ಮೇಲಿನ ಮೆಟ್ಟಿಲ ಮೇಲೆ. ನನ್ನ ಕೈ ತಾಮ್ರದ ತಂತಿ ಎಳೆದು ಎಳೆದು ಒರಟು. ಬೆರಳ ತುದಿಗೆ ವಾರ್ನಿಷ್ ಅಂಟಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಹೆದರಿಕೊಂಡೇ ಹಚ್ಚಿದೆ. ಎರಡು ನಿಮಿಷ ಆಗಿರಬೇಕು. "ಸಾಕು" ಅಂದಳು. ಕೈ ತೆಗೆದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. ಮುನಿಸು ಇದೆಯಾ ಅಂತ ನೋಡಿದ್ದು ಅದು. ಎಣ್ಣೆ ಬಾಟಲಿಗೆ ಮುಚ್ಚಳ ಹಾಕಿದೆ. ಕಾಫಿ ಮಾಡಲಾ ಅಂತ ಕೇಳಿದೆ.

ಮುಂದಿನ ಭಾನುವಾರ ಐದು ನಿಮಿಷ. ಅದರ ಮುಂದಿನ ವಾರ ಬೇಡ ಅಂದಳು, ಬಿಟ್ಟೆವು. ಕೆಲವು ವಾರಗಳಾದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತಲ್ಲೇ ನನ್ನ ಮಂಡಿಗೆ ತಲೆ ಒರಗಿಸಿ ನಿದ್ದೆ ಹೋದಳು. ಕಾಲು ಜೋಮು ಹಿಡಿದರೂ ನಾನು ಅಲ್ಲಾಡಲಿಲ್ಲ. ಬೇಡ ಅಂದರೆ ನಿಲ್ಲುತ್ತದೆ ಅಂತ ಮೈಗೆ ನಂಬಿಕೆ ಬಂದ ಮೇಲೇ ಬೇಕು ಅನ್ನೋದು ಹುಟ್ಟೋದು. ಇದು ಯಾರೂ ಹೇಳಿಕೊಟ್ಟ ಮಾತಲ್ಲ, ಆ ಮೆಟ್ಟಿಲ ಮೇಲೆ ಕಂಡಿದ್ದು.

ಎಲ್ಲ ಸರಿಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಮಗಳಿಗೆ ಈಗ ಹದಿನಾಲ್ಕು. ಎರಡನೇ ಮಗು ಬೇಡ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದೆವು, ಅಮ್ಮನಿಗೆ ಇನ್ನೂ ಆ ಕೊರಗಿದೆ. ಜುಲೈ ತಿಂಗಳು ಬಂದರೆ ಇವಳ ನಿದ್ದೆ ಕೆಡುತ್ತದೆ, ಮಗಳ ಹುಟ್ಟುಹಬ್ಬದ ಕೇಕ್ ಕತ್ತರಿಸುವಾಗ ಕೈ ತಣ್ಣಗಾಗುತ್ತದೆ. ಕೆಲವು ರಾತ್ರಿ ಅರ್ಧದಲ್ಲೇ "ಸಾಕು" ಬರುತ್ತದೆ. ಆಗ ದೀಪ ಹಾಕಿ, ನೀರು ಕುಡಿದು, ನಾಳೆ ಯಾರ ಮೋಟರ್ ಡೆಲಿವರಿ ಇದೆ ಅಂತ ಮಾತಾಡುತ್ತೇವೆ. ನಗುವೂ ಬರುತ್ತದೆ. ಮೊದಲು ಆ ಕೋಣೆಯಲ್ಲಿ ನಗು ಇರಲಿಲ್ಲ.

ಇನ್ನೊಂದು ಹೇಳಲೇಬೇಕು. 2023ರಲ್ಲಿ ನನ್ನ ಅಕ್ಕನ ಮಗಳಿಗೆ ಹೆರಿಗೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. 2017ರ ಡಿಸೆಂಬರಿನಲ್ಲಿ ಶುರುವಾದ, ಹೆರಿಗೆ ಕೋಣೆಗಳನ್ನು ಸುಧಾರಿಸುವ ಲಕ್ಷ್ಯ ಯೋಜನೆಯಲ್ಲೂ ಹೆರಿಗೆಗೆ ಬಂದವರನ್ನು ಗೌರವದಿಂದ ನೋಡಬೇಕು ಅಂತ ಇದೆ. ಕಾಗದದ ಮೇಲೆ ಇರುವುದು ಬಾಗಿಲ ತನಕ ಬರಬೇಕಾದರೆ ಯಾರಾದರೂ ಕೇಳಬೇಕಲ್ವಾ. ಇವಳು ಕೇಳಿದಳು. ತಾನೇ ಒಳಗೆ ಹೋದಳು. ನಾನು ಬೇಡ ಅಂದಿದ್ದೆ, ಕೇಳಲಿಲ್ಲ. ಹನ್ನೊಂದು ಗಂಟೆ ಹೊತ್ತು ಆ ಹುಡುಗಿಯ ಕೈ ಹಿಡಿದು ನಿಂತಿದ್ದಳು. ಹೊಲಿಗೆ ಹಾಕುವ ಮುಂಚೆ ಕೇಳಿದಳಂತೆ, "ಸಿಸ್ಟರ್, ಮರಗಟ್ಟಿಸೋ ಇಂಜೆಕ್ಷನ್ ಕೊಟ್ರಾ?" "ಕೊಟ್ಟಿದ್ದೀನಮ್ಮ, ಒಂದು ನಿಮಿಷ, ಹಿಡಿದಿದೆಯಾ ನೋಡ್ತೀನಿ" ಅಂದರಂತೆ ಆ ನರ್ಸ್. ಹೊರಗೆ ಬಂದು ನನಗೆ ಮೊದಲು ಹೇಳಿದ್ದು ಮಗು ಗಂಡೋ ಹೆಣ್ಣೋ ಅಂತಲ್ಲ, ಈ ಮಾತು. ಆಮೇಲೆ ಕಾರಿಡಾರಿನಲ್ಲಿ ಚಪ್ಪಲಿ ಬಿಟ್ಟು ಪಾದ ಊರಿ ಸುಮಾರು ಹೊತ್ತು ನಿಂತಿದ್ದಳು.

ಈಗ ನಿಮ್ಮ ಪ್ರಶ್ನೋತ್ತರಕ್ಕೆ ಬರುತ್ತೇನೆ. ಆ ಹೆಣ್ಣುಮಗಳಿಗೆ ಆಗಿರುವುದು ಇದೇ ಅಂತ ನಾನು ಹೇಳಲಾರೆ. ಬೇರೆ ಕಾರಣ ಇರಬಹುದು. ಥೈರಾಯ್ಡ್ ಇರಬಹುದು, ಬಾಣಂತನದ ಖಿನ್ನತೆ ಇರಬಹುದು, ಗಂಡ ಸರಿ ಇಲ್ಲದಿರಬಹುದು, ಚಿಕ್ಕಂದಿನಲ್ಲಿ ಯಾರೋ ಮುಟ್ಟಬಾರದ ಹಾಗೆ ಮುಟ್ಟಿರಬಹುದು. ಆದರೆ ಕೇಳದೆ ಹೊಂದಿಕೊಳ್ಳಿ ಅಂದುಬಿಟ್ಟಿರಿ. ನಾನು ಸುಟ್ಟ ಮೋಟರ್ ಬಂದರೂ ಮೊದಲು ಕೇಳುವುದು "ಏನಾಯ್ತು, ಯಾವಾಗಿಂದ" ಅಂತ.

ಹೆರಿಗೆಯಾದ ಎರಡರಿಂದ ಆರು ವಾರದೊಳಗೆ, ದೈಹಿಕ ಸಂಬಂಧ ಮತ್ತೆ ಶುರುವಾಗಿದೆಯೇ, ನೋವಿದೆಯೇ ಅಂತ ಪ್ರತಿ ತಾಯಿಯನ್ನೂ ಕೇಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ನಮ್ಮ ಮನೆಯಲ್ಲಿ ಆ ತಾಯಿ ಕಾರ್ಡ್ ಇನ್ನೂ ಇದೆ. ತೂಕ ಬರೆದಿದ್ದಾರೆ, ಬಿಪಿ ಬರೆದಿದ್ದಾರೆ, ರಕ್ತ ಎಷ್ಟಿದೆ ಬರೆದಿದ್ದಾರೆ, ಮಗುವಿನ ಲಸಿಕೆ ಬರೆದಿದ್ದಾರೆ. ಆಶಾ ಕಾರ್ಯಕರ್ತೆಯರು ನಲವತ್ತೆರಡನೇ ದಿನದ ತನಕ ಮನೆಗೆ ಬಂದು ಮಗು ನೋಡುತ್ತಾರೆ. ಅದೇ ಹೊತ್ತಿಗೆ, ಅತ್ತೆ ಪಕ್ಕದಲ್ಲಿ ಇಲ್ಲದಾಗ, ತಾಯಿಗೆ ಒಂದು ಪ್ರಶ್ನೆ ಕೇಳಿದರೆ ಎಷ್ಟು ಖರ್ಚು? ಅವರಿಗೆ ಕೆಲಸ ಮೊದಲೇ ಜಾಸ್ತಿ, ಸಂಬಳ ಕಮ್ಮಿ, ಗೊತ್ತು. ಆದರೂ ನಮ್ಮನ್ನು ಮಂಗಳವಾರದ ಸಾಲಿಗೆ ಕಳಿಸಿದ್ದು ಅಂಥ ಒಬ್ಬರೇ.

ದಯವಿಟ್ಟು ಮುಂದಿನ ಭಾನುವಾರ ಆ ಹೆಣ್ಣುಮಗಳಿಗೆ ಇನ್ನೊಮ್ಮೆ ಉತ್ತರ ಬರೆಸಿ. 14416 ಅಂತ ಟೆಲಿ ಮಾನಸ್ ನಂಬರ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು ಅಂತ ಬರೆಸಿ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ವಿಷಯ ಬರೆಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗ 2009ರಿಂದ ಇದೆ ಅಂತ ಬರೆಸಿ. ಅದು ನಮ್ಮ ಮದುವೆಯಾದ ವರ್ಷ. ನಮಗೆ ಗೊತ್ತಿರಲಿಲ್ಲ. ಗಂಡನಿಗೂ ಎರಡು ಸಾಲು ಬರೆಸಿ, ಅವನು ಓದದಿದ್ದರೆ ಅವಳು ಮಡಚಿ ಎಲ್ಲಾದರೂ ಇಡುತ್ತಾಳೆ, ಯಾವತ್ತೋ ಕೈಗೆ ಸಿಗುತ್ತದೆ.

ಈ ಕಾಗದವನ್ನು ಕಳಿಸುವ ಮೊದಲು ಹೆಂಡತಿಗೆ ಕೊಟ್ಟೆ. ಎರಡು ಸಲ ಓದಿದಳು. ಫ್ಯಾನಿನ ರೆಕ್ಕೆ ಇರಲಿ ಅಂದಳು. ಸಬ್‌ಮರ್ಸಿಬಲ್ ಇರಲಿ ಅಂದಳು. ಇಲ್ಲಿ, ಕೊನೆಯಲ್ಲಿ, ಅವಳ ಬಗ್ಗೆ ನಾನು ಇನ್ನೂ ನಾಲ್ಕು ಸಾಲು ಬರೆದಿದ್ದೆ. ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ "ಸಾಕು" ಅಂತ ಬರೆದಿದ್ದಾಳೆ.

ಇಂತಿ,
ನಿಮ್ಮ ಓದುಗ,
ಅರಸೀಕೆರೆ ತಾಲ್ಲೂಕು
(ಹೆಸರು, ವಿಳಾಸ ನಿಮ್ಮ ಬಳಿ ಇರಲಿ. ಮುದ್ರಿಸಬೇಡಿ.)